ನಮ್ಮೂರಿನ ಕಥೆ ಯಾವ ಭಾಷೆಯಲ್ಲಿದೆ?

ಕಳೆದ ಕೆಲವು ತಿಂಗಳುಗಳಲ್ಲಿ ನಾನು ಆರು ಪುಸ್ತಕಗಳನ್ನು ಓದಿದೆ. ಮೂರು ಕಾದಂಬರಿಗಳು, ಮೂರು ಆತ್ಮಕಥೆಗಳು. ಅವುಗಳಲ್ಲಿ ನಾಲ್ಕು ಕನ್ನಡದವು, ಎರಡು ಮಲಯಾಳದವು. ಯಾವುದೂ ನಿನ್ನೆ ಮೊನ್ನೆ ಅಚ್ಚಾದ ಪುಸ್ತಕವಲ್ಲ. ಕೆಲವನ್ನು ಎರಡನೆಯ ಬಾರಿ ಓದಿದೆ, ಕೆಲವನ್ನು ಮೊದಲ ಬಾರಿಗೆ. ಆರಕ್ಕೂ ಸಮಾನವಾದ ಅಂಶ ಒಂದೇ. ಎಲ್ಲವೂ ನಮ್ಮ ಈ ಕಾಸರಗೋಡು ಜಿಲ್ಲೆಯ ಮಣ್ಣಿನಿಂದ ಎದ್ದು ಬಂದವು. ನಾನು ವಿಮರ್ಶಕನಲ್ಲ. ಸಾಹಿತ್ಯ ಶಾಸ್ತ್ರವನ್ನು ಓದಿದವನೂ ಅಲ್ಲ. ಚಂದಾ ಕಟ್ಟಿ ಕನ್ನಡ ಪತ್ರಿಕೆ ತರಿಸಿಕೊಳ್ಳುವ, ಬಿಡುವಾದಾಗ ಒಂದು ಪುಸ್ತಕ ಹಿಡಿದು ಕೂರುವ ಸಾಮಾನ್ಯ ಓದುಗ. ಆದುದರಿಂದ ಇಲ್ಲಿ ಹೇಳುವುದೆಲ್ಲ ನನ್ನ ಸ್ವಂತ ಅಭಿಪ್ರಾಯವೇ ಹೊರತು ತೀರ್ಪಲ್ಲವೆಂದು ವಾಚಕರು ದಯಮಾಡಿ ತಿಳಿಯಬೇಕು.

ಆರನ್ನೂ ಓದಿ ಮುಗಿಸಿದ ಮೇಲೆ ಒಂದು ವಿಚಾರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಚಂದ್ರಗಿರಿ ಹೊಳೆಯ ತೆಂಕಣ ಭಾಗದ ಮಲಯಾಳಿ ರೈತರ ಬಲಿದಾನದ ಬಗ್ಗೆ ಬಂದ ಹೆಸರಾಂತ ಕಾದಂಬರಿ ಇರುವುದು ಕನ್ನಡದಲ್ಲಿ. ಹೊಳೆಯ ಬಡಗಣ ಭಾಗದ, ತುಳು ಕನ್ನಡ ಮಾತನಾಡುವ ನಮ್ಮದೇ ಒಂದು ಗ್ರಾಮದ ಸಂಕಟದ ಬಗ್ಗೆ ಬಂದ ಹೆಸರಾಂತ ಕಾದಂಬರಿ ಇರುವುದು ಮಲಯಾಳದಲ್ಲಿ. ಹೊಳೆಯ ಹೆಸರನ್ನೇ ಹೊತ್ತ ಮೂರನೆಯ ಕಾದಂಬರಿಯನ್ನು ಕನ್ನಡದಲ್ಲಿ ಬರೆದವರ ಮನೆಮಾತು ಮಲಯಾಳ. ಹೀಗಿರುವಾಗ 'ನಮ್ಮ ಸಾಹಿತ್ಯ', 'ಅವರ ಸಾಹಿತ್ಯ' ಎಂದು ಗೆರೆ ಎಳೆಯುವುದು ಎಷ್ಟು ಸರಿ? ಒಂದೇ ಭಾಷೆಯನ್ನು ಓದುವವನಿಗೆ ಈ ಜಿಲ್ಲೆಯ ಅರ್ಧ ಕಥೆ ಮಾತ್ರ ದಕ್ಕೀತು ಎಂಬುದು ನನ್ನ ಮಾತು. ಅದನ್ನು ಒಂದೊಂದು ಪುಸ್ತಕದ ಮೂಲಕ ಹೇಳುತ್ತೇನೆ.

ಕಯ್ಯೂರಿನ ಕಥೆ, ಕನ್ನಡದ ಪುಸ್ತಕ

ಮೊದಲನೆಯದು ನಿರಂಜನರ 'ಚಿರಸ್ಮರಣೆ'. ೧೯೫೫ರಲ್ಲಿ ಪ್ರಕಟವಾದ ಕಾದಂಬರಿ. ನಿರಂಜನರು ಸುಬ್ರಹ್ಮಣ್ಯದ ಬಳಿಯ ಕುಳಕುಂದದವರು; ಹೈಸ್ಕೂಲು ಓದಿದ್ದು ನಮ್ಮ ನೀಲೇಶ್ವರದಲ್ಲಿ. ಕಯ್ಯೂರು ಅಲ್ಲಿಂದ ದೂರವೇನಲ್ಲ. ೧೯೪೧ರ ಮಾರ್ಚಿಯಲ್ಲಿ ಅಲ್ಲಿಯ ರೈತರ ಮೆರವಣಿಗೆಯ ಎದುರು ಸಿಕ್ಕಿದ ಒಬ್ಬ ಪೊಲೀಸಿನವನು ಹೊಳೆಯಲ್ಲಿ ಮುಳುಗಿ ಸತ್ತ. ಅದಕ್ಕಾಗಿ ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಜೈಲಿನಲ್ಲಿ ನಾಲ್ವರು ರೈತ ಯುವಕರನ್ನು ಗಲ್ಲಿಗೇರಿಸಿದರು. ಮಠತ್ತಿಲ್ ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕರ್. ಐದನೆಯವನಿಗೂ ಗಲ್ಲು ಶಿಕ್ಷೆಯಾಗಿತ್ತಾದರೂ ಅಪ್ರಾಪ್ತ ವಯಸ್ಕನೆಂದು ಪಾರಾದ. ಆಗ ಕಯ್ಯೂರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಜಿಲ್ಲಾ ಕೇಂದ್ರ ಮಂಗಳೂರು. ಅಂದರೆ ಆ ನಾಲ್ವರೂ ನಮ್ಮ ಹಿರಿಯರಂತೆ ದಕ್ಷಿಣ ಕನ್ನಡ ಜಿಲ್ಲೆಯವರೇ.

ಕಾದಂಬರಿಯ ಶಕ್ತಿ ಇರುವುದು ಗಲ್ಲಿನ ದೃಶ್ಯದಲ್ಲಲ್ಲ ಎಂದು ನನಗನಿಸುತ್ತದೆ. ಅದಿರುವುದು ಮೊದಲ ಭಾಗದಲ್ಲಿ, ಅಪ್ಪು ಮತ್ತು ಚಿರುಕಂಡ ಎಂಬ ಇಬ್ಬರು ಹುಡುಗರು ಮಾಸ್ತರರ ಕೈಕೆಳಗೆ ಲೋಕವನ್ನು ನೋಡಲು ಕಲಿಯುವ ಪುಟಗಳಲ್ಲಿ. ಗೇಣಿ ಏಕೆ ಕೊಡಬೇಕು, ಧನಿಯೆದುರು ಬೆನ್ನು ಏಕೆ ಬಗ್ಗಬೇಕು ಎಂಬ ಪ್ರಶ್ನೆ ಒಬ್ಬ ಹುಡುಗನಲ್ಲಿ ಹುಟ್ಟುವುದನ್ನು ಲೇಖಕರು ಅವಸರವಿಲ್ಲದೆ ತೋರಿಸುತ್ತಾರೆ. ಇನ್ನೊಂದು ಮೆಚ್ಚುಗೆಯ ವಿಷಯ ಭಾಷೆ. ಈ ರೈತರು ಮಲಯಾಳ ಮಾತನಾಡುವವರು. ಅವರ ಬಾಯಲ್ಲಿ ನಿರಂಜನರು ಇಟ್ಟದ್ದು ಸರಳವಾದ ಕನ್ನಡ. ನಡುನಡುವೆ ಮಲಯಾಳ ಶಬ್ದ ತುರುಕಿ ಊರಿನ ಬಣ್ಣ ಬಳಿಯುವ ಗೋಜಿಗೆ ಹೆಚ್ಚು ಹೋಗಿಲ್ಲ. ಓದುತ್ತಾ ಹೋದಂತೆ ಇವರು ಬೇರೆ ಭಾಷೆಯವರೆಂಬುದೇ ಮರೆಯುತ್ತದೆ.

ಕೊರತೆಯನ್ನೂ ಹೇಳಬೇಕು. ಒಳ್ಳೆಯವರು ಬಹಳ ಒಳ್ಳೆಯವರು, ಕೆಟ್ಟವರು ಬಹಳ ಕೆಟ್ಟವರು. ಜನ್ಮಿಗಳ ಮನೆಯೊಳಗೆ ಒಬ್ಬನಿಗಾದರೂ ಅಳುಕು ಹುಟ್ಟಿರಬಹುದಲ್ಲವೇ ಎಂದು ಓದುಗನಿಗೆ ತೋಚುತ್ತದೆ. ಕೆಲವೆಡೆ ಪಾತ್ರಗಳು ಮಾತನಾಡುವಾಗ ಸಭೆಯ ಭಾಷಣ ಕೇಳಿದಂತಾಗುತ್ತದೆ. ಆದರೂ ಹನ್ನೆರಡು ವರ್ಷಗಳ ಹಿಂದಷ್ಟೇ ನಡೆದ ಗಲ್ಲಿನ ಬಗ್ಗೆ, ಬೇರೆ ಭಾಷೆಯ ಬಡ ರೈತರ ಬಗ್ಗೆ, ಒಬ್ಬ ಕನ್ನಡ ಲೇಖಕ ಇಷ್ಟು ಆಪ್ತವಾಗಿ ಬರೆದನೆಂಬುದು ಸಣ್ಣ ಮಾತಲ್ಲ. ಈ ಪುಸ್ತಕ ಮಲಯಾಳಕ್ಕೆ ಅನುವಾದವಾಗಿ ಕೇರಳದಲ್ಲಿ ಮನೆಮಾತಾಯಿತು. ನಮ್ಮ ಕನ್ನಡದ ಮನೆಗಳಲ್ಲಿ ಎಷ್ಟು ಮಂದಿ ಇದನ್ನು ಓದಿದ್ದಾರೆ ಎಂದು ಕೇಳಿದರೆ ಉತ್ತರ ಹೇಳಲು ಸಂಕೋಚವಾದೀತು.

ಎಣ್ಮಕಜೆಯ ಕಥೆ, ಮಲಯಾಳದ ಪುಸ್ತಕ

ಎರಡನೆಯದು ಅಂಬಿಕಾಸುತನ್ ಮಾಙಾಡ್ ಅವರ 'ಎಣ್ಮಕಜೆ'. ೨೦೦೯ರಲ್ಲಿ ಮಲಯಾಳದಲ್ಲಿ ಬಂದ ಕಾದಂಬರಿ. ಲೇಖಕರು ಕಾಞಂಗಾಡಿನ ನೆಹರು ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ೨೦೧೭ರಲ್ಲಿ ಇಂಗ್ಲಿಷಿಗೂ ಹೋಯಿತು. ಅಲ್ಲಿ ಅದರ ಹೆಸರು 'ಸ್ವರ್ಗ'. ಪೆರ್ಲದ ಕಡೆಯವರಿಗೆ ಸ್ವರ್ಗವೆಂದರೆ ಎಲ್ಲಿ ಎಂದು ಹೇಳಬೇಕಾಗಿಲ್ಲ, ಬಸ್ಸಿನ ಬೋರ್ಡಿನಲ್ಲೇ ಇರುತ್ತದೆ. ಸ್ವರ್ಗವೆಂಬ ಹೆಸರಿನ ಊರಿನಲ್ಲಿ ನರಕ ಕಂಡವರ ಕಥೆ ಇದು.

ವಿಷಯ ಎಂಡೋಸಲ್ಫಾನ್. ಗುಡ್ಡೆಗಳ ಮೇಲಿನ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಆ ವಿಷವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ, ೨೦೦೦ದವರೆಗೆ ಸಿಂಪಡಿಸಿದರು. ಗುಡ್ಡೆಯ ಬುಡದಲ್ಲಿ ತೋಡು, ಸುರಂಗ, ಬಾವಿ. ಅದರ ನೀರನ್ನೇ ಕುಡಿಯುವ ಮನೆಗಳು. ಮುಂದಿನದನ್ನು ನಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ೨೦೧೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಷೇಧಿಸಿತು. ೨೦೧೭ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅಪ್ಪಣೆ ಮಾಡಿತು.

ಕಾದಂಬರಿಯಲ್ಲಿ ನೀಲಕಂಠನ್, ದೇವಯಾನಿ ಎಂಬ ಇಬ್ಬರು ಪಟ್ಟಣದ ಬದುಕಿಗೆ ರೋಸಿ, ಮನುಷ್ಯರ ಸಹವಾಸವೇ ಬೇಡವೆಂದು ಜಟಾಧಾರಿ ಬೆಟ್ಟದ ಕಾಡಿನಲ್ಲಿ ಬಂದು ನೆಲೆಸಿರುತ್ತಾರೆ. ಮೈತುಂಬ ಹುಣ್ಣಾದ ಒಂದು ಮಗುವನ್ನು ದೇವಯಾನಿ ಎತ್ತಿ ತರುತ್ತಾಳೆ. ಆ ಮಗುವಿಗೆ ಏನಾಗಿದೆ ಎಂದು ಹುಡುಕುತ್ತಾ ಹೊರಟವರು ಮನೆ ಮನೆಯ ಜಗಲಿಯಲ್ಲಿ ಅಂಥದೇ ಮಕ್ಕಳನ್ನು ಕಾಣುತ್ತಾರೆ. ಮನುಷ್ಯರಿಂದ ಓಡಿಬಂದವರನ್ನು ಮನುಷ್ಯರ ಸಂಕಟವೇ ಮರಳಿ ಎಳೆಯುತ್ತದೆ. ಹೀಗೆ ಮನೆ ಮನೆಗೆ ಹೋಗುವ ಭಾಗ ಓದುವಾಗ ಪುಸ್ತಕ ಕೆಳಗಿಡಲಾಗುವುದಿಲ್ಲ. ಕೆಲವು ಪುಟಗಳನ್ನು ಓದಲೂ ಆಗುವುದಿಲ್ಲ. ಆ ಮೇಲೆ ಹೋರಾಟ, ರಾಜಕೀಯ, ಹಲ್ಲೆ ಇವೆಲ್ಲ ಬಂದಾಗ ಕಥೆ ಸ್ವಲ್ಪ ಪತ್ರಿಕಾ ವರದಿಯ ಹಾದಿ ಹಿಡಿಯುತ್ತದೆ. ಅಂಕಿ ಅಂಶ, ವೈದ್ಯಕೀಯ ವಿವರಗಳನ್ನು ಪಾತ್ರಗಳ ಬಾಯಿಯಿಂದ ಹೇಳಿಸುವುದು ನನಗೆ ಅಷ್ಟು ಹಿಡಿಸಲಿಲ್ಲ. ಗುಹೆಯೊಂದು ಮಾತನಾಡುವುದು ಅಸಹಜವೆಂದು ಕೆಲವರು ಹೇಳಬಹುದು. ನಮ್ಮ ಕಡೆಯವರಿಗೆ ಅದು ಅಸಹಜವಲ್ಲ. ವರ್ಷಕ್ಕೊಮ್ಮೆ ದೈವದ ನುಡಿ ಕೇಳಿ ಬೆಳೆದ ನಮಗೆ ಕಲ್ಲಿಗೂ ಮರಕ್ಕೂ ಮಾತು ಬರುವುದು ಹೊಸತೇ?

ಓದುವಾಗ ನನ್ನ ಅನುಭವವೊಂದನ್ನು ಹೇಳಲೇಬೇಕು. ಪುಸ್ತಕದ ಮಲಯಾಳ ಸಂಭಾಷಣೆಗಳು ನನ್ನ ಕಿವಿಯೊಳಗೆ ತುಳುವಾಗಿ ಕೇಳುತ್ತಿದ್ದವು. ಆ ಮನೆಗಳ ಅಜ್ಜಿಯಂದಿರು ಮಗುವನ್ನು ಕರೆಯುವುದು ತುಳುವಿನಲ್ಲಿ, ಇಲ್ಲವೇ ಕನ್ನಡದಲ್ಲಿ, ಇಲ್ಲವೇ ಮರಾಠಿಯಲ್ಲಿ. ಹಾಗಾದರೆ ಈ ಕಾದಂಬರಿಯನ್ನು ಬರೆಯಬೇಕಾದವರು ನಾವಾಗಿದ್ದೆವಲ್ಲ? ನಮ್ಮವರು ಸುಮ್ಮನಿರಲಿಲ್ಲ ನಿಜ. ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ೧೯೮೦ರ ದಶಕದ ಆರಂಭದಲ್ಲಿಯೇ ಈ ಸಿಂಪಡಣೆಯ ಅಪಾಯವನ್ನು ಲೋಕದ ಮುಂದಿಟ್ಟವರು. ಊರಿನ ವೈದ್ಯರು, ಅಧ್ಯಾಪಕರು, ಪಂಚಾಯತಿನವರು ಅರ್ಜಿಯ ಮೇಲೆ ಅರ್ಜಿ ಬರೆದರು. ಆದರೆ ಅರ್ಜಿ ಮಾಡುವ ಕೆಲಸವೇ ಬೇರೆ, ಕಾದಂಬರಿ ಮಾಡುವ ಕೆಲಸವೇ ಬೇರೆ. ಎಣ್ಮಕಜೆ ಎಂಬ ಹೆಸರು ತಿರುವನಂತಪುರದ ಓದುಗನ ಮನಸ್ಸಿನಲ್ಲಿ ಉಳಿದದ್ದು ಕಾಞಂಗಾಡಿನ ಒಬ್ಬ ಅಧ್ಯಾಪಕರು ಬೆಟ್ಟ ಹತ್ತಿ ಬಂದು, ನಮ್ಮ ಮನೆಗಳ ಜಗಲಿಯಲ್ಲಿ ಕುಳಿತು, ತಮ್ಮ ಭಾಷೆಯಲ್ಲಿ ಬರೆದದ್ದರಿಂದ. ಇದಕ್ಕಾಗಿ ನಾಚಬೇಕಾಗಿಲ್ಲ, ಅಸೂಯೆಪಡಬೇಕಾಗಿಯೂ ಇಲ್ಲ. ನಿರಂಜನರು ಕಯ್ಯೂರಿಗೆ ಕೊಟ್ಟದ್ದನ್ನು ಮಾಙಾಡರು ಎಣ್ಮಕಜೆಗೆ ಕೊಟ್ಟರು ಎಂದು ನಾನು ತಿಳಿಯುತ್ತೇನೆ.

ಹೊಳೆಯ ದಡದ ನಾದಿರಾ

ಮೂರನೆಯದೂ ನಾಲ್ಕನೆಯದೂ ಒಬ್ಬರೇ ಬರೆದ ಪುಸ್ತಕಗಳು. ಸಾರಾ ಅಬೂಬಕ್ಕರ್ ಅವರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಮತ್ತು ೨೦೧೦ರಲ್ಲಿ ಬಂದ ಅವರ ಆತ್ಮಕಥೆ 'ಹೊತ್ತು ಕಂತುವ ಮುನ್ನ'. ೧೯೩೬ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅವರು ೨೦೨೩ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಕಾದಂಬರಿ ಮೊದಲು ಬಂದದ್ದು ೧೯೮೦ರ ದಶಕದ ಆರಂಭದಲ್ಲಿ, ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ. ಆಗ ಅವರಿಗೆ ವಯಸ್ಸು ನಲವತ್ತೈದರ ಆಸುಪಾಸು. ಮಕ್ಕಳನ್ನು ಸಾಕಿ ಬೆಳೆಸಿದ ಗೃಹಿಣಿ.

ನಾದಿರಾಳ ಕಥೆ ಬಹಳ ಮಂದಿಗೆ ಗೊತ್ತು. ಗಂಡ ರಶೀದನಿಗೂ ಅವಳಿಗೂ ಮನಸ್ತಾಪವಿಲ್ಲ. ಹಣದ ವಿಷಯದಲ್ಲಿ ಅಳಿಯನ ಮೇಲೆ ಮುನಿದ ತಂದೆ ಮಹಮ್ಮದ್ ಖಾನ್ ಮಗಳನ್ನು ತವರಿಗೆ ತಂದಿಟ್ಟುಕೊಂಡು ತಲಾಖ್ ಆಗುವಂತೆ ಮಾಡುತ್ತಾನೆ. ಮತ್ತೆ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ಬಿಡುಗಡೆ ಪಡೆದು ಬರಬೇಕೆಂಬ ಕಟ್ಟಳೆ ಎದುರಾಗುತ್ತದೆ. ನಾದಿರಾ ಮಸೀದಿಯ ಕೊಳಕ್ಕೆ ಇಳಿಯುತ್ತಾಳೆ.

ಒಂದೇ ಉಸಿರಿಗೆ ಮೂರು ಬಾರಿ ಹೇಳುವ ತಲಾಖನ್ನು ಸುಪ್ರೀಂ ಕೋರ್ಟು ೨೦೧೭ರಲ್ಲಿ ಅಸಿಂಧುವೆಂದಿತು, ೨೦೧೯ರಲ್ಲಿ ಅದು ಶಿಕ್ಷಾರ್ಹವೆಂಬ ಕಾನೂನೂ ಬಂತು. ಇನ್ನು ಈ ಕಾದಂಬರಿ ಹಳತಾಯಿತೇ ಎಂದು ಕೇಳುವವರುಂಟು. ಹಳತಾಗಿಲ್ಲವೆಂದು ನಾನು ಹೇಳುತ್ತೇನೆ. ಏಕೆಂದರೆ ಇದು ಕಾನೂನಿನ ಕಥೆ ಮಾತ್ರವಲ್ಲ, ಒಬ್ಬ ತಂದೆಯ ಹಠದ ಕಥೆ. ಗಂಡಸಿನ ಸಿಟ್ಟಿಗೆ ಇಡೀ ಮನೆ ನಡುಗುವುದು, ಎಲ್ಲ ತಿಳಿದ ತಾಯಿ ಏನನ್ನೂ ಹೇಳಲಾರದೆ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವುದು, ಮಗಳನ್ನು ಕೇಳದೆಯೇ ಮಗಳ ಬದುಕನ್ನು ತೀರ್ಮಾನಿಸುವುದು — ಇದು ಒಂದು ಜಾತಿಗೆ, ಒಂದು ಮತಕ್ಕೆ ಮೀಸಲಾದ ರೋಗವೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಆ ಪುಸ್ತಕವನ್ನು ಇನ್ನೊಂದು ಮತದವರನ್ನು ಹೀಗಳೆಯುವುದಕ್ಕಾಗಿ ಕೈಗೆತ್ತಿಕೊಳ್ಳುವವರು ಅದನ್ನು ಓದಿದಂತಾಗಲಿಲ್ಲ. ನಮ್ಮ ಮನೆಯ ಮಹಮ್ಮದ್ ಖಾನನನ್ನು ಗುರುತಿಸಿಕೊಂಡವರು ಓದಿದಂತಾಯಿತು.

ಆತ್ಮಕಥೆಯ ಬಗ್ಗೆ ಎರಡು ಮಾತು. ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುವುದೇ ಅಪರೂಪವಾಗಿದ್ದ ಸಮುದಾಯದಲ್ಲಿ, ವಕೀಲರಾಗಿದ್ದ ತಂದೆಯ ಬೆಂಬಲದಿಂದ ಓದಿದವರು ಸಾರಾ. ಕನ್ನಡ ಅವರಿಗೆ ಶಾಲೆಯಲ್ಲಿ ಸಿಕ್ಕಿದ ಭಾಷೆ. ಮುಂದೆ ಬರವಣಿಗೆಗೆ ಅವರು ಹಿಡಿದದ್ದು ಅದನ್ನೇ. ಮಲಯಾಳದಿಂದ ಎಷ್ಟೋ ಕೃತಿಗಳನ್ನು ಕನ್ನಡಕ್ಕೆ ತಂದರು ಕೂಡ. ಕಾದಂಬರಿಯ ಗದ್ಯ ತೀರಾ ಸಾದಾ, ಅಲಂಕಾರವಿಲ್ಲ ಎಂದು ಕೆಲವರು ದೂರುವುದನ್ನು ಕೇಳಿದ್ದೇನೆ. ಆತ್ಮಕಥೆಯನ್ನು ಓದಿದರೆ ಆ ದೂರು ನಿಲ್ಲುವುದಿಲ್ಲ. ಹೇಳಬೇಕಾದ ಮಾತು ಎದೆಯಲ್ಲಿ ವರ್ಷಗಟ್ಟಲೆ ಕಾದಿದ್ದಾಗ ಬರೆಯುವವರಿಗೆ ಅಲಂಕಾರದ ಕಡೆ ನೋಡಲು ಪುರುಸೊತ್ತಿರುವುದಿಲ್ಲ. ನನ್ನ ಸಲಹೆ ಏನೆಂದರೆ, ಕಾದಂಬರಿಯನ್ನು ಮೊದಲು ಓದಿ, ಆತ್ಮಕಥೆಯನ್ನು ಆಮೇಲೆ ಓದಿ, ಪುನಃ ಕಾದಂಬರಿಗೆ ಬನ್ನಿ. ಎರಡನೆಯ ಓದಿನಲ್ಲಿ ತಾಯಿಯ ಪಾತ್ರ ಬೇರೆಯಾಗಿಯೇ ಕಾಣುತ್ತದೆ.

ಇಬ್ಬರು ಕವಿಗಳು

ಉಳಿದ ಎರಡು ಆತ್ಮಕಥೆಗಳು ಇಬ್ಬರು ಕವಿಗಳವು. ಕಯ್ಯಾರ ಕಿಞ್ಞಣ್ಣ ರೈಗಳ 'ದುಡಿತವೇ ನನ್ನ ದೇವರು' ಕನ್ನಡದಲ್ಲಿ, ಪಿ. ಕುಂಞಿರಾಮನ್ ನಾಯರ್ ಅವರ 'ಕವಿಯುಡೆ ಕಾಲ್ಪಾಡುಗಳ್', ಎಂದರೆ ಕವಿಯ ಹೆಜ್ಜೆಗುರುತುಗಳು, ಮಲಯಾಳದಲ್ಲಿ. ಕಯ್ಯಾರರ ಮನೆ ಬದಿಯಡ್ಕದ ಬಳಿಯ ಕಲ್ಲಕಳಿಯದಲ್ಲಿ, ಕುಂಞಿರಾಮನ್ ನಾಯರ ಮನೆ ಕಾಞಂಗಾಡಿನ ಬಳಿಯ ವೆಳ್ಳಿಕೋತ್‌ನಲ್ಲಿ. ಇಬ್ಬರೂ ಶಾಲಾ ಮಾಸ್ತರರಾಗಿದ್ದವರು. ಈ ಎರಡು ಪುಸ್ತಕಗಳನ್ನು ಒಂದರ ಹಿಂದೆ ಒಂದರಂತೆ ಓದಿದಾಗ ಬೆಳಗ್ಗೆ ಒಂದು ಲೋಕದಲ್ಲಿ, ಸಂಜೆ ಇನ್ನೊಂದು ಲೋಕದಲ್ಲಿ ಇದ್ದಂತಾಯಿತು.

ಕಯ್ಯಾರರ ಪುಸ್ತಕದ ಹೆಸರೇ ಅದರ ಸಾರ. ೧೯೧೫ರ ಜೂನಿನಲ್ಲಿ ಹುಟ್ಟಿ, ನೂರು ವರ್ಷ ತುಂಬಿದ ಮೇಲೆ ೨೦೧೫ರ ಆಗಸ್ಟಿನಲ್ಲಿ ತೀರಿಕೊಂಡ ಅವರು ಬೇಸಾಯ, ಅಧ್ಯಾಪನ, ಸ್ವಾತಂತ್ರ್ಯದ ಹೋರಾಟ, ಪಂಚಾಯತು, ಕಾವ್ಯ, ಕಾಸರಗೋಡಿನ ಕನ್ನಡದ ಚಳವಳಿ ಎಲ್ಲವನ್ನೂ ಒಂದೇ ಹೆಗಲ ಮೇಲೆ ಹೊತ್ತವರು. ಕವಿತೆ ಬರೆದ ಕೈಯಲ್ಲೇ ಗುದ್ದಲಿ ಹಿಡಿದವರು. ೧೯೫೬ರ ನವೆಂಬರ್ ೧ ಕನ್ನಡಿಗರಿಗೆಲ್ಲ ರಾಜ್ಯೋದಯದ ಹಬ್ಬ. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ೧೯೬೭ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಬಡಗಣ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಹೇಳಿದರೂ ಅದು ಕಾರ್ಯಗತವಾಗಲಿಲ್ಲ. ಆ ನೋವನ್ನು ಬದುಕಿನುದ್ದಕ್ಕೂ ಹೊತ್ತುಕೊಂಡ ಮನುಷ್ಯ ಹೇಗಿದ್ದರೆಂದು ತಿಳಿಯಲು ಈ ಪುಸ್ತಕ ಬೇಕು. ಆದರೆ ಇದು ಹೆಚ್ಚಾಗಿ ಸಾರ್ವಜನಿಕ ಬದುಕಿನ ಕಥೆ. ಕವಿ ಒಬ್ಬನೇ ಕುಳಿತಾಗ ಏನನ್ನು ಯೋಚಿಸುತ್ತಿದ್ದನೆಂದು ಕೇಳುವ ನನ್ನಂಥ ಓದುಗನಿಗೆ ಇನ್ನಷ್ಟು ಬೇಕಿತ್ತು ಅನಿಸಿತು.

ಕುಂಞಿರಾಮನ್ ನಾಯರದು ಇದಕ್ಕೆ ತದ್ವಿರುದ್ಧ. ೧೯೭೮ರಲ್ಲಿ ತಿರುವನಂತಪುರದ ಒಂದು ಛತ್ರದಲ್ಲಿ ಪ್ರಾಣಬಿಟ್ಟ ಈ ಕವಿ ಜೀವಮಾನವಿಡೀ ಅಲೆದವರು. ಹಬ್ಬ, ಜಾತ್ರೆ, ದೇವಸ್ಥಾನ, ಹೊಳೆ, ಕಾಡುಗಳನ್ನು ಬೆನ್ನಟ್ಟಿ ಹೋದವರು. ಮನೆಯನ್ನೂ ನಂಬಿದವರನ್ನೂ ಬಿಟ್ಟು ಹೋದವರು. ಅದನ್ನು ಮುಚ್ಚಿಡದೆ ಬರೆದಿದ್ದಾರೆ. ವರ್ಷ, ತಾರೀಕುಗಳ ಸಾಲು ಇಲ್ಲ; ನೆನಪು ಬಂದಲ್ಲಿ ನಿಲ್ಲುತ್ತದೆ, ಮನಸ್ಸು ಬಂದಲ್ಲಿ ತಿರುಗುತ್ತದೆ. ಗದ್ಯವೆಂಬುದು ಹೆಸರಿಗೆ ಮಾತ್ರ. ನನ್ನ ಮಲಯಾಳಕ್ಕೆ ಅದು ಬಹಳ ಕಷ್ಟದ ಓದು, ಒಂದು ಪುಟಕ್ಕೆ ಒಮ್ಮೊಮ್ಮೆ ಅರ್ಧ ಗಂಟೆ ಹಿಡಿಯಿತು. ತನ್ನ ತಪ್ಪುಗಳನ್ನು ಇಷ್ಟು ಸೊಗಸಾಗಿ ಹೇಳಿಕೊಂಡರೆ ತಪ್ಪೇ ಸೊಗಸಾಗಿ ಕಾಣುವ ಅಪಾಯವಿಲ್ಲವೇ ಎಂಬ ಸಂಶಯವೂ ಬಂತು. ಕೈಬಿಟ್ಟು ಹೋದ ಹೆಂಗಸರು ಬರೆದಿದ್ದರೆ ಈ ಕಥೆ ಹೇಗಿರುತ್ತಿತ್ತು? ಆದರೂ ತನ್ನನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡ ಇಂಥ ಪುಸ್ತಕ ಅಪರೂಪ. ಕಯ್ಯಾರರಿಂದ ಹೇಗೆ ಬದುಕಬೇಕೆಂದು ತಿಳಿಯಿತು. ಕುಂಞಿರಾಮನ್ ನಾಯರಿಂದ ಬದುಕು ಹೇಗೆ ಕೈತಪ್ಪಿ ಹೋಗುತ್ತದೆಂದು ತಿಳಿಯಿತು. ಓದುಗನಿಗೆ ಎರಡೂ ಬೇಕು.

ಓದಿನ ಭಾಷೆ

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ. ಕಯ್ಯಾರರ ಮನೆಮಾತು ತುಳು. ಇಪ್ಪತ್ತಕ್ಕೂ ಹೆಚ್ಚು ಭಾಷೆ ಬಲ್ಲವರೆಂದು ಹೆಸರಾದ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಾಸರಗೋಡಿನ ಕನ್ನಡದ ದೊಡ್ಡ ಹೆಸರುಗಳೆಂದು ನಾವು ಹೆಮ್ಮೆಯಿಂದ ಹೇಳುವ ಈ ಮೂವರಲ್ಲಿ ಒಬ್ಬರ ಮನೆಯಲ್ಲೂ ಅಡುಗೆಮನೆಯ ಮಾತು ಕನ್ನಡವಾಗಿರಲಿಲ್ಲ! ನನ್ನ ಮನೆಮಾತೂ ತುಳುವೇ. ಹವ್ಯಕರು, ಇನ್ನು ಕೆಲವು ಸಮುದಾಯದವರು ಮನೆಯಲ್ಲಿ ತಮ್ಮ ಕನ್ನಡವನ್ನು ಆಡುತ್ತಾರೆ ನಿಜ. ಉಳಿದ ಬಹುಪಾಲು ನಮಗೆ ಕನ್ನಡ ಬಂದದ್ದು ಶಾಲೆಯ ಪಾಠದಿಂದ, ಯಕ್ಷಗಾನದ ಅರ್ಥದಿಂದ, ಭಜನೆಯಿಂದ, ಪತ್ರಿಕೆಯಿಂದ, ಪುಸ್ತಕದಿಂದ. ಅದು ಓದಿನಿಂದ, ಕೇಳ್ಮೆಯಿಂದ ಬಂದ ಭಾಷೆ. ಅನೇಕ ಮನೆಮಾತಿನವರು ಒಟ್ಟಿಗೆ ಕುಳಿತುಕೊಳ್ಳುವ ಚಾವಡಿ ಅದು.

ಇದರ ಅರ್ಥವೇನು? ಮನೆಮಾತಾದ ಭಾಷೆ ಶಾಲೆ ಮುಚ್ಚಿದರೂ ಅಡುಗೆಮನೆಯಲ್ಲಿ ಒಂದು ತಲೆಮಾರು ಉಳಿದೀತು. ಓದಿನಿಂದ ಬಂದ ಭಾಷೆಗೆ ಆ ಆಸರೆಯಿಲ್ಲ. ಓದು ನಿಂತ ದಿನವೇ ಅದು ನಿಲ್ಲುತ್ತದೆ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ೨೦೧೭ರಲ್ಲಿ ಮಲಯಾಳವನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾನೂನು ಬಂದಾಗ ಪ್ರತಿಭಟಿಸಿದೆವು, ನ್ಯಾಯವಾಗಿಯೇ ಪ್ರತಿಭಟಿಸಿದೆವು. ಆದರೆ ಮೆರವಣಿಗೆ ಮುಗಿಸಿ ಮನೆಗೆ ಬಂದ ಮೇಲೆ ನಮ್ಮ ಮಕ್ಕಳ ಕೈಯಲ್ಲಿ ಒಂದು ಕನ್ನಡ ಪುಸ್ತಕ ಇದೆಯೇ ಎಂದು ನೋಡಿದವರೆಷ್ಟು ಮಂದಿ? ಸರಕಾರವು ಕನ್ನಡದ ಹುದ್ದೆ ಕೊಡಬಹುದು, ಕನ್ನಡದ ಅರ್ಜಿ ನಮೂನೆ ಅಚ್ಚು ಮಾಡಿಸಬಹುದು. ಕನ್ನಡದ ಓದುಗನನ್ನು ಮಾಡಿಕೊಡುವುದು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಅದು ಮನೆಯ ಕೆಲಸ.

ಇಲ್ಲಿ ಒಂದು ಆಕ್ಷೇಪ ಬರುವುದು ನನಗೆ ಗೊತ್ತು. 'ಕನ್ನಡ ಓದಿ ಎನ್ನುವುದು ಸರಿ. ಮಲಯಾಳದ ಪುಸ್ತಕಗಳನ್ನು ಹೊಗಳುವುದೇಕೆ? ಹೇರುವವರ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ?' ಎಂದು ಹಿರಿಯರೊಬ್ಬರು ನನ್ನನ್ನು ಕೇಳಿಯೇಬಿಟ್ಟರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಮೇಲಿನಿಂದ ಆಜ್ಞೆಯಾಗಿ ಬರುವ ಭಾಷೆಗೂ, ನಾವಾಗಿ ಎತ್ತಿಕೊಂಡ ಪುಸ್ತಕಕ್ಕೂ ವ್ಯತ್ಯಾಸವಿದೆ. ಕಡ್ಡಾಯವನ್ನು ವಿರೋಧಿಸುವುದು ನಮ್ಮ ಹಕ್ಕು. ಆದರೆ ಎಣ್ಮಕಜೆಯ ಮಗುವಿನ ಕಥೆಯನ್ನು ಅದು ಮಲಯಾಳದಲ್ಲಿದೆ ಎಂಬ ಕಾರಣಕ್ಕೆ ಓದದಿದ್ದರೆ ನಷ್ಟ ಯಾರಿಗೆ? ಗೋವಿಂದ ಪೈಗಳು ಅಷ್ಟು ಭಾಷೆ ಓದಿದ್ದರಿಂದ ಅವರ ಕನ್ನಡ ಬಡವಾಯಿತೇ? ಮಲಯಾಳ ಬಲ್ಲ ಸಾರಾ ಅವರಿಂದ ಕನ್ನಡಕ್ಕೆ ಬಂದದ್ದು ಲಾಭವೇ ಅಲ್ಲವೇ? ನಿಜ ಹೇಳಬೇಕೆಂದರೆ ಈ ಜಿಲ್ಲೆಯಲ್ಲಿ ಎರಡು ದಡವನ್ನೂ ಓದಬಲ್ಲ ಅವಕಾಶ ಹೆಚ್ಚಾಗಿ ಇರುವುದು ನಮಗೆ, ಕನ್ನಡದವರಿಗೆ. ಬಹುಸಂಖ್ಯಾತರಿಗೆ ನಮ್ಮ ಲಿಪಿ ಕಲಿಯುವ ಅಗತ್ಯ ಬೀಳುವುದಿಲ್ಲ. ನಮಗೆ ಬಸ್ಸಿನ ಬೋರ್ಡು ಓದಲು, ಕಚೇರಿಯ ಕಾಗದ ಓದಲು ಅವರ ಲಿಪಿ ಹೇಗೂ ಬೇಕು. ಕಲಿತ ಮೇಲೆ ಅದನ್ನು ರೇಶನ್ ಕಾರ್ಡಿಗೇ ಮುಗಿಸುವುದೇಕೆ?

ಆದರೆ ಕ್ರಮ ತಪ್ಪಬಾರದು. ಮಲಯಾಳದ ಪುಸ್ತಕವನ್ನು ಹಿಡಿದು ಕನ್ನಡವನ್ನು ಕೆಳಗಿಟ್ಟವನು ಎರಡು ದಡದ ಓದುಗನಲ್ಲ. ಅವನು ಹೊಳೆ ದಾಟಿ ಹೋದವನು, ಅಷ್ಟೆ. ಇಂದು ನಮ್ಮ ಎಷ್ಟೋ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ತುಳು ಆಡುತ್ತಾರೆ, ಮಲಯಾಳ ತಿಳಿಯುತ್ತದೆ, ಕನ್ನಡ ಮಾತೂ ತಕ್ಕಮಟ್ಟಿಗೆ ಬರುತ್ತದೆ. ಕನ್ನಡ ಅಕ್ಷರ ಮಾತ್ರ ಗೊತ್ತಿಲ್ಲ. ಅಜ್ಜ ಓದುವ ಪತ್ರಿಕೆ ಮೊಮ್ಮಗನಿಗೆ ಚಿತ್ರದ ಹಾಳೆ. ಅಂಥ ಮಗುವಿಗೆ 'ಚಿರಸ್ಮರಣೆ'ಯೂ ಇಲ್ಲ, 'ಚಂದ್ರಗಿರಿಯ ತೀರದಲ್ಲಿ'ಯೂ ಇಲ್ಲ, ಕಯ್ಯಾರರೂ ಇಲ್ಲ. ಇದು ಯಾರೋ ಹೇರಿದ್ದಲ್ಲ, ನಾವೇ ಫೀಸು ಕಟ್ಟಿ ತಂದುಕೊಂಡದ್ದು. ಶಾಲೆ ಯಾವುದಾದರೂ ಇರಲಿ, ದಿನಕ್ಕೆ ಅರ್ಧ ಗಂಟೆ ಮನೆಯಲ್ಲಿ ಅಕ್ಷರ ಕಲಿಸಲು ಯಾರ ಅಪ್ಪಣೆಯೂ ಬೇಡ.

ಮಾಡಬಹುದಾದ ಕೆಲಸಗಳು ಬೇರೆಯೂ ಇವೆ. ನಮ್ಮ ಗ್ರಾಮಗಳ ಗ್ರಂಥಾಲಯಗಳಲ್ಲಿ ಈ ಆರು ಪುಸ್ತಕಗಳನ್ನು ಒಂದೇ ಕಪಾಟಿನಲ್ಲಿ, ಜಿಲ್ಲೆಯ ಪುಸ್ತಕಗಳೆಂದು ಒಟ್ಟಿಗೆ ಇಡಲಿ. ವಾಚನಾಲಯದ ವಾರ್ಷಿಕೋತ್ಸವದಲ್ಲಿ ಹಾರ, ಶಾಲು, ಭಾಷಣಗಳ ನಡುವೆ ಒಂದು ಗಂಟೆ ಇಬ್ಬರು ಮಕ್ಕಳಿಂದ ಪುಸ್ತಕವನ್ನು ಗಟ್ಟಿಯಾಗಿ ಓದಿಸಲಿ. ಕಾಲೇಜುಗಳ ಕನ್ನಡ ವಿಭಾಗದವರಲ್ಲಿ ನನ್ನ ವಿಶೇಷ ವಿನಂತಿ: ಮಲಯಾಳದಲ್ಲಿರುವ ನಮ್ಮೂರಿನ ಪುಸ್ತಕಗಳನ್ನು ಕನ್ನಡ ಮಾತ್ರ ಓದುವ ನಮ್ಮ ಹಿರಿಯರಿಗೆ, ಗೃಹಿಣಿಯರಿಗೆ ಮುಟ್ಟಿಸುವ ಕೆಲಸ ಕೈಗೊಳ್ಳಿ. ಕುಂಞಿರಾಮನ್ ನಾಯರ ಹೆಜ್ಜೆಗುರುತುಗಳ ಒಂದೊಂದು ಅಧ್ಯಾಯವನ್ನಾದರೂ ಕನ್ನಡದಲ್ಲಿ ಓದಿ ತೋರಿಸಿ. ಆ ಗದ್ಯವನ್ನು ಕನ್ನಡಕ್ಕೆ ಇಳಿಸಲು ಎದೆಗಾರಿಕೆ ಬೇಕು. ಆದರೆ ಇದಕ್ಕೆ ತಕ್ಕವರು ಬೆಂಗಳೂರಿನಲ್ಲಿ ಸಿಗಲಾರರು, ತಿರುವನಂತಪುರದಲ್ಲೂ ಸಿಗಲಾರರು. ಎರಡೂ ಭಾಷೆಯ ಗಾಳಿಯಲ್ಲಿ ಬೆಳೆದ ನಮ್ಮ ಹುಡುಗ ಹುಡುಗಿಯರೇ ಅದಕ್ಕೆ ಬೇಕು.

ಕೊನೆಯದಾಗಿ ವಾಚಕ ಬಂಧುಗಳಲ್ಲಿ ಒಂದು ಮಾತು. ಈ ಆರು ಪುಸ್ತಕಗಳ ಬಗ್ಗೆ ನನ್ನದು ಒಬ್ಬನ ಅಭಿಪ್ರಾಯ. ಸಾರಾ ಅವರ ಗದ್ಯದ ಬಗ್ಗೆ, ಕಯ್ಯಾರರ ಬಗ್ಗೆ ನಾನು ಹೇಳಿದ್ದನ್ನು ಒಪ್ಪದವರು ಇರಬಹುದು, ಇರಬೇಕು. ಅಂಥವರು ಪುಸ್ತಕವನ್ನು ತೆರೆದು, ಓದಿ, ಈ ಪತ್ರಿಕೆಗೇ ನಾಲ್ಕು ಸಾಲು ಬರೆಯಲಿ. ಯಾವ ಪುಟದಲ್ಲಿ ನಾನು ಹೇಳಿದ್ದು ಸರಿಯಲ್ಲ ಎಂದು ತೋರಿಸಲಿ. ಕಾಸರಗೋಡಿನಲ್ಲಿ ಕನ್ನಡ ಓದುವವರಿದ್ದಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಅರ್ಜಿ ಬೇರೆ ಬೇಕಾಗಲಾರದು.